ಗೋಪಾಲಗೌಡರೂ ಕೃಷ್ಣಪ್ಪಗೌಡನೂ

ಶಾಸಕರ ಹೆಸರು ಜನರ ನೆನಪಿನಲ್ಲಿ ಬಹುಕಾಲ ಉಳಿಯುವುದಿಲ್ಲ. ಶಾಲೆಯ ಗೋಡೆಯಲ್ಲೋ ಸೇತುವೆಯ ಪಕ್ಕದಲ್ಲೋ ಕೂರಿಸಿದ ಅಡಿಗಲ್ಲಿನ ಮೇಲೆ ಕೆಲವು ವರ್ಷ ಇದ್ದು, ಸುಣ್ಣ ಬಳಿಯುವವನ ಕುಂಚಕ್ಕೆ ಸಿಕ್ಕಿ ಅದು ಮರೆಯಾಗುತ್ತದೆ. ಮಂತ್ರಿಯಾದವರ ಪಾಡೇ ಹೀಗಿರುವಾಗ, ಬದುಕಿನುದ್ದಕ್ಕೂ ವಿರೋಧಪಕ್ಷದ ಬೆಂಚಿನಲ್ಲೇ ಕುಳಿತು, ನಲವತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡ ಒಬ್ಬ ಶಾಸಕರ ಹೆಸರು ಅರ್ಧ ಶತಮಾನ ಕಳೆದರೂ ಮಲೆನಾಡಿನ ಮನೆಗಳಲ್ಲಿ ಉಳಿದುಬಂದಿದೆ. ಅವರು ಶಾಂತವೇರಿ ಗೋಪಾಲಗೌಡರು. ಅವರನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ನನ್ನ ಉದ್ದೇಶ. ಅದರೊಂದಿಗೆ, ಸಾಹಿತ್ಯದ ಅಧ್ಯಾಪಕನಾಗಿ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದೂ ಇದೆ.

ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿ ಪ್ರಕಟವಾದದ್ದು 1978ರಲ್ಲಿ. ಎಂ.ಎ. ತರಗತಿಗಳಿಗೆ ಅದನ್ನು ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದ ರಾಜಕಾರಣಿ ಕೃಷ್ಣಪ್ಪಗೌಡ ತನ್ನ ಬಾಳನ್ನು ಹಿಂದಿರುಗಿ ನೋಡುವ ಕಥೆ ಅದು. ಆ ಪಾತ್ರದ ಹಿಂದೆ ಗೋಪಾಲಗೌಡರ ನೆರಳಿದೆಯೆಂಬುದು ಓದುಗರೆಲ್ಲರಿಗೂ ತಿಳಿದ ಸಂಗತಿ. ಒಮ್ಮೆ ಪಾಠ ಮುಗಿದ ಮೇಲೆ ಸಾಗರದ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಸರ್, ಗೋಪಾಲಗೌಡರು ನಿಜವಾಗಿಯೂ ಹೀಗೇ ಇದ್ದರೆ?” ಎಂದು ಕೇಳಿದಳು. “ಬಹುಮಟ್ಟಿಗೆ ಹೀಗೆಯೇ ಎಂದುಕೊಳ್ಳಮ್ಮ” ಎಂದು ಉತ್ತರಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಜ್ಜ ಆ ಹೆಸರನ್ನು ಬೇರೆ ರೀತಿ ಹೇಳುತ್ತಿದ್ದರು ಸರ್” ಎಂದು ಕುಳಿತುಬಿಟ್ಟಳು. ಅಂದು ಆ ಮಾತು ನನ್ನ ಮನಸ್ಸಿಗೆ ನಾಟಲಿಲ್ಲ. ನಿವೃತ್ತನಾದ ಮೇಲೆ, ಬಿಡುವು ದೊರೆತಾಗ, ಅದು ಮತ್ತೆ ಮತ್ತೆ ನೆನಪಾಗತೊಡಗಿತು.

ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ; ಅನುಕೂಲವಿಲ್ಲದ ಮನೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅನೇಕರು ಕಾಂಗ್ರೆಸ್ಸಿನ ನೆರಳಲ್ಲಿ ನೆಲೆ ಕಂಡುಕೊಂಡರೆ, ಇವರು ಸಮಾಜವಾದಿಗಳ ಜೊತೆಯಲ್ಲಿ ನಿಂತರು. ಅವರ ಬದುಕಿಗೆ ದಿಕ್ಕು ತೋರಿದ ಘಟನೆ ನಡೆದದ್ದು 1951ರಲ್ಲಿ, ಸಾಗರ ತಾಲೂಕಿನ ಕಾಗೋಡಿನಲ್ಲಿ.

ಕಾಗೋಡಿನ ಜಗಳಕ್ಕೆ ಕಾರಣವಾದದ್ದು ಒಂದು ಕೊಳಗ. ಇಂದಿನ ಪಟ್ಟಣದ ಕಿರಿಯರಿಗೆ ಕೊಳಗವೆಂದರೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಅದು ಭತ್ತ ಅಳೆಯುವ ಮಾಪು. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ರೂಢಿಯ ಅಳತೆಗಿಂತ ದೊಡ್ಡ ಕೊಳಗ ಬಳಸುತ್ತಾರೆಂಬುದು ಗೇಣಿದಾರರ ದೂರು. ಒಂದೊಂದು ಕೊಳಗದಲ್ಲಿ ಹೆಚ್ಚಾಗಿ ಹೋಗುವುದು ಕೊಂಚವೇ ಇರಬಹುದು. ಆದರೆ ಹತ್ತಾರು ಕೊಳಗ ಅಳೆದು ಮುಗಿಯುವಷ್ಟರಲ್ಲಿ ಆ ಕೊಂಚವೇ ಒಂದು ಸಂಸಾರದ ಮಳೆಗಾಲದ ಅನ್ನವಾಗಿರುತ್ತದೆ. ಎಚ್. ಗಣಪತಿಯಪ್ಪನವರ ನಾಯಕತ್ವದಲ್ಲಿ ಸಂಘಟಿತರಾದ ಗೇಣಿದಾರರು, ಹೆಚ್ಚಿನವರು ದೀವರು, ನ್ಯಾಯವಾದ ಅಳತೆ ಕೇಳಿದರು. ಕೇಳಿದ್ದಕ್ಕೆ ಭೂಮಿಯಿಂದಲೇ ಹೊರಹಾಕುವ ಮಾತು ಬಂದಿತು. 1951ರ ಏಪ್ರಿಲ್‌ನಲ್ಲಿ ಅವರು ನೇಗಿಲು ಹಿಡಿದು ಗದ್ದೆಗಿಳಿದರು. ಸಮಾಜವಾದಿ ಪಕ್ಷ ಆ ಸತ್ಯಾಗ್ರಹವನ್ನು ತನ್ನದಾಗಿಸಿಕೊಂಡಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಹಳ್ಳಿ ಹಳ್ಳಿ ಸುತ್ತಿ ಜನರನ್ನು ಹುರಿದುಂಬಿಸಿದವರಲ್ಲಿ, ಸೆರೆಗೆ ಹೋದವರಲ್ಲಿ, ಒಕ್ಕಲಿಗರ ಮನೆಯ ಯುವಕ ಗೋಪಾಲಗೌಡರೂ ಒಬ್ಬರು.

ಮುಂದಿನ ವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಎದುರಾಳಿ ಕಾಂಗ್ರೆಸ್ಸಿನ ಹೆಸರಾಂತ ನಾಯಕರಾದ ಎ.ಆರ್. ಬದರಿನಾರಾಯಣ ಅವರು. ಗೌಡರ ಬಳಿ ಹಣವಿರಲಿಲ್ಲ. ಓಟಿನ ಜೊತೆಗೆ ಕೈಲಾದ ಕಾಸನ್ನೂ ಜನರೇ ಕೊಟ್ಟರು, ಊರಿಗೆ ಬಂದ ಅಭ್ಯರ್ಥಿಗೆ ಅನ್ನವನ್ನೂ ಇಕ್ಕಿದರು ಎಂದು ಹಿರಿಯರು ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಅವರು ಗೆದ್ದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಆದರೆ ಗೆದ್ದು ಹೋದ ಸಭೆಯಲ್ಲಿ ಅವರ ಬಲವಾದರೂ ಎಷ್ಟು? ಮೈಸೂರು ವಿಧಾನಸಭೆಯ ಸ್ಥಾನಗಳು 99. ಸಮಾಜವಾದಿ ಪಕ್ಷಕ್ಕೆ ಬಂದವು 3. ಇಷ್ಟು ಜನ ಸೇರಿ ಒಂದು ಸರ್ಕಾರವನ್ನು ಕೆಡವಲಾರರು, ಒಂದು ಮಸೂದೆಯನ್ನು ತಡೆಯಲಾರರು. ಅವರಿಗಿರುವುದು ಮಾತು ಮಾತ್ರ. ಪ್ರಶ್ನೆ, ಉಪಪ್ರಶ್ನೆ, ವೆಚ್ಚದ ಬೇಡಿಕೆಗಳ ಮೇಲಿನ ಖೋತಾ ಸೂಚನೆ, ರಾಜಪ್ರಮುಖರ ಭಾಷಣಕ್ಕೆ ವಂದನೆ ಸಲ್ಲಿಸುವ ನಿರ್ಣಯದ ಮೇಲಿನ ಚರ್ಚೆ ಇವೇ ಅವರ ಆಯುಧಗಳು. ಮಂತ್ರಿ ಉತ್ತರಿಸಲೇಬೇಕಾದ ಒಂದು ಪ್ರಶ್ನೆಯನ್ನು ಸಭೆಯ ಮುಂದಿಡುವುದು, ಆ ಉತ್ತರ ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುವಂತೆ ಮಾಡುವುದು: ಅಲ್ಪಸಂಖ್ಯೆಯ ವಿರೋಧಪಕ್ಷದ ಕೆಲಸವೆಂದರೆ ಬಹುತೇಕ ಇಷ್ಟೇ. ಇದು ಅಲ್ಪವೆಂದು ಬಹುಕಾಲ ನಾನೂ ತಿಳಿದಿದ್ದೆ.

1957ರಲ್ಲಿ ಅವರು ಸೋತರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಆರಿಸಿಬಂದರು. ಇಷ್ಟು ವರ್ಷಗಳಲ್ಲಿ ಅವರು ಕಟ್ಟಿಕೊಂಡು ನಡೆದ ವಿಚಾರಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಉಳುವವನ ಭೂಮಿ. 1952ರ ಗೇಣಿ ಕಾಯಿದೆ ಬಂದಿತು. 1961ರ ಭೂಸುಧಾರಣಾ ಕಾಯಿದೆ ಬಂದಿತು. ಆದರೆ ಒಡೆಯರು ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ಕಾನೂನಿನಲ್ಲೇ ದಾರಿಗಳು ಉಳಿದಿದ್ದವು. ಕೊಳಗ ಸರಿಯಾದರೂ ಗದ್ದೆಯೇ ಕೈತಪ್ಪಿದರೆ ಆ ನ್ಯಾಯದಿಂದ ಏನು ಪ್ರಯೋಜನ? ಎರಡನೆಯದು ಕನ್ನಡ. ರಾಜ್ಯಭಾಷಾ ಕಾಯಿದೆ 1963ರಲ್ಲಿ ಬಂದಿತಾದರೂ ಕಚೇರಿಗಳ ಕಡತಗಳಲ್ಲಿ ಇಂಗ್ಲಿಷ್ ಹಾಗೆಯೇ ನೆಲೆಸಿತ್ತು. ತನ್ನ ಮೇಲಿನ ತೀರ್ಪನ್ನು, ತನ್ನ ಗದ್ದೆಯ ನೋಟೀಸನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ರೈತ ಸ್ವತಂತ್ರನೆನಿಸುವುದಿಲ್ಲ. ಆದುದರಿಂದ ಭೂಮಿಯ ಪ್ರಶ್ನೆಯನ್ನೂ ಭಾಷೆಯ ಪ್ರಶ್ನೆಯನ್ನೂ ಅವರು ಬೇರೆ ಬೇರೆಯಾಗಿ ಎಣಿಸಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕೆಂದು ಒತ್ತಾಯಿಸಿದವರಲ್ಲಿಯೂ ಅವರದು ದೊಡ್ಡ ದನಿ.

ಗೋಪಾಲಗೌಡರು 1972ರ ಜೂನ್‌ನಲ್ಲಿ ತೀರಿಕೊಂಡರು. ರಾಜ್ಯ ಕರ್ನಾಟಕವೆಂದು ನಾಮಕರಣಗೊಂಡದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅವರು ಕೇಳಿದ ಎರಡೂ, ಅವರು ಕಣ್ಣು ಮುಚ್ಚಿದ ಎರಡು ವರ್ಷಗಳೊಳಗೆ, ಬೇರೆಯವರ ಕೈಯಿಂದ ನೆರವೇರಿದವು. ಇದನ್ನು ವಿಧಿಯ ವಿಡಂಬನೆಯೆಂದು ಕರೆದು ನಿಟ್ಟುಸಿರು ಬಿಡುವುದು ಸುಲಭ. ಆದರೆ ಕಾನೂನು ಒಂದು ದಿನದಲ್ಲಿ ಹುಟ್ಟುವುದಲ್ಲ. ಸಹಿ ಹಾಕುವವನಿಗಿಂತ ಬಹಳ ಹಿಂದೆ, ಅದನ್ನು ಕೇಳಿ ಕೇಳಿ ಸೋತವರ ಒಂದು ಸಾಲಿರುತ್ತದೆ.

ಅವರು ಸಾಹಿತ್ಯದ ಸಹವಾಸದಲ್ಲಿದ್ದವರು ಎಂಬುದನ್ನು ನಾವು, ಸಾಹಿತ್ಯದವರು, ಪ್ರೀತಿಯಿಂದ ನೆನೆಯುತ್ತೇವೆ. 1964ರಿಂದ ಕೆಲವು ವರ್ಷ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅಲ್ಲಿಗೆ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರಿದ್ದರು. ಅನಂತಮೂರ್ತಿ, ಲಂಕೇಶ್, ತೇಜಸ್ವಿ ಇವರೆಲ್ಲರ ಮೇಲೂ ಲೋಹಿಯಾ ವಿಚಾರದ ಪ್ರಭಾವವಾಯಿತು. ಆ ವಿಚಾರವನ್ನು ನಮ್ಮ ನೆಲದಲ್ಲಿ ಬಾಳಿ ತೋರಿಸಿದವರು ಗೋಪಾಲಗೌಡರು. ಇಂಥ ಒಬ್ಬರು ಕಾದಂಬರಿಕಾರನ ಕಲ್ಪನೆಯನ್ನು ಕೆಣಕಿದ್ದು ಸಹಜವೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ‘ಅವಸ್ಥೆ’ ದೊಡ್ಡ ಕಾದಂಬರಿ. ಆ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅದರ ಕೃಷ್ಣಪ್ಪಗೌಡನ ಮುಂದೆ ಅಧಿಕಾರ ತಾನಾಗಿಯೇ ಬಂದು ನಿಲ್ಲುತ್ತದೆ. ಮುಖ್ಯಮಂತ್ರಿಯ ಪದವಿ ಕೈಗೆಟುಕುವಷ್ಟು ಸಮೀಪಕ್ಕೆ ಬರುತ್ತದೆ. ಕೊಳಕಾಗದೆ ಅಧಿಕಾರ ಹಿಡಿಯಬಹುದೇ ಎಂಬುದು ಕೃತಿಯ ಪ್ರಶ್ನೆ. ಅದಕ್ಕಾಗಿ ಲೇಖಕರು ಆ ಪಾತ್ರದ ಒಳಗನ್ನು ಬಗೆದು, ಸಿಟ್ಟು, ಅಹಂಕಾರ, ಮನೆಯೊಳಗಿನ ಕ್ರೌರ್ಯ ಎಲ್ಲವನ್ನೂ ಬೆಳಕಿಗೆ ತರುತ್ತಾರೆ. ಕಾದಂಬರಿಗೆ ಆ ಅಧಿಕಾರ ಉಂಟು. ಆದರೆ ನಿಜವಾದ ಗೋಪಾಲಗೌಡರ ಎದುರಿಗೆ ಅಂಥ ಸಿಂಹಾಸನವಿರಲಿಲ್ಲ. ಅವರ ಪಕ್ಷ ಕೊನೆಯವರೆಗೂ ಸಣ್ಣದಾಗಿಯೇ ಉಳಿಯಿತು. ಅವರನ್ನು ಕಾಡಿರಬಹುದಾದ ಪ್ರಶ್ನೆ ಬೇರೆ: ಅಧಿಕಾರ ಎಂದೂ ಬರದೆಂದು ಗೊತ್ತಿದ್ದೂ ಪ್ರತಿ ಅಧಿವೇಶನದಲ್ಲಿ ಎದ್ದುನಿಂತು ಅದೇ ಗೇಣಿದಾರನ ಮಾತನ್ನು ಆಡುವುದು ಹೇಗೆ? ಇದರಲ್ಲಿ ಕಾದಂಬರಿಗೆ ಬೇಕಾದ ಏರಿಳಿತ ಕಡಿಮೆ. ಬಾಳಿಗೆ ಬೇಕಾದ ಧೈರ್ಯ ಮಾತ್ರ ಹೆಚ್ಚು.

ಮನುಷ್ಯನ ಒಳಗಿನ ಕಥೆಯೇ ನಿಜ, ಹೊರಗಿನದು ಬರಿಯ ವೇಷ ಎಂಬ ನಂಬಿಕೆ ನವ್ಯದ ಕಾಲದ ಓದಿನಿಂದ ನನಗೆ ಅಂಟಿಕೊಂಡಿತ್ತು. ಆ ಕನ್ನಡಕದಿಂದಲೇ ಒಬ್ಬ ಶಾಸಕರನ್ನು ನೋಡಿದೆ. ಶಾಸಕನ ನಿಜವಾದ ಬದುಕು ಅವನ ಹೊರಗಿನದೇ ಆಗಿರಬಹುದು, ನಾಲ್ಕು ಜನರ ಎದುರು ಅವನು ಕೇಳಿದ ಪ್ರಶ್ನೆಗಳೇ ಆಗಿರಬಹುದು ಎಂಬುದು ನನಗೆ ಹೊಳೆಯಲಿಲ್ಲ. ನನ್ನ ತರಗತಿಯಿಂದ ಹೊರಟ ನೂರಾರು ಮಕ್ಕಳು ಒಂದು ಪಾತ್ರದ ಅವಗುಣಗಳನ್ನು ಬಾಳಿ ಹೋದ ಒಬ್ಬ ಮನುಷ್ಯರ ತಲೆಗೆ ಕಟ್ಟಿಕೊಂಡು ಹೋದರು. ಇದಕ್ಕೆ ಕಾದಂಬರಿ ಕಾರಣವಲ್ಲ, ಅಧ್ಯಾಪಕ ಕಾರಣ.

ಇಷ್ಟು ಹೇಳಿ ಅವರನ್ನು ದೇವರ ಪೀಠದಲ್ಲಿ ಕೂರಿಸುವುದು ನನ್ನ ಇಷ್ಟವಲ್ಲ. 1974ರ ಕಾಯಿದೆ ಗೇಣಿ ಮಾಡುತ್ತಿದ್ದವನನ್ನು ಭೂಮಿಯ ಒಡೆಯನನ್ನಾಗಿಸಿತು. ಗೇಣಿಯೂ ಇಲ್ಲದೆ ಬರಿಗೈಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಅದರಿಂದ ದೊರೆತದ್ದು ಅತ್ಯಲ್ಪ. ಕಾಗೋಡಿನಲ್ಲಿ ಎದ್ದ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ಕೆಲವು ತಿಂಗಳ ಹಿಂದೆ ಆ ಹಳೆಯ ವಿದ್ಯಾರ್ಥಿನಿ ಒಂದು ಮದುವೆಮನೆಯಲ್ಲಿ ಸಿಕ್ಕಿದಳು. ಈಗ ಆಕೆಯೂ ಅಧ್ಯಾಪಕಿ. ಅವಳ ಅಜ್ಜ ಆ ಹೆಸರನ್ನು ಹೇಗೆ ಹೇಳುತ್ತಿದ್ದರೆಂದು ಇಷ್ಟು ವರ್ಷ ತಡವಾಗಿ ಕೇಳಿದೆ. ಭೂನ್ಯಾಯಮಂಡಳಿಗೆ ಏಳನೆಯ ನಮೂನೆಯ ಅರ್ಜಿ ಕೊಟ್ಟು ಗದ್ದೆ ಪಡೆದವರಂತೆ ಆ ಅಜ್ಜ. ಹಕ್ಕುಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಮೊಮ್ಮಕ್ಕಳಿಗೆ ತೋರಿಸುವಾಗಲೆಲ್ಲ, “ಇದನ್ನು ಕೊಟ್ಟವರು ಅರಸರು, ಕೇಳಿದವರು ಗೋಪಾಲಗೌಡರು” ಎನ್ನುತ್ತಿದ್ದರಂತೆ.

ತರಗತಿಯಲ್ಲಿ ಆ ಹುಡುಗಿಗೆ ನಾನು ಹೇಳಬೇಕಾಗಿದ್ದ ಉತ್ತರ ಅವಳ ಮನೆಯ ಪೆಟ್ಟಿಗೆಯಲ್ಲೇ ಇತ್ತು.