ಕಾಡು ಕಾಯುವ ನೌಕರಿ



ಧಾರವಾಡ ಜಿಲ್ಲೆ ಎಂದೊಡನೆ ನವಲಗುಂದ, ಅಣ್ಣಿಗೇರಿಯ ಎರೆಹೊಲ ಕಣ್ಣಮುಂದೆ ಬರುತ್ತದೆ. ಅಲ್ಲಿ ನೆರಳಿಗೊಂದು ಮರ ಹುಡುಕಬೇಕು. ಅದೇ ಜಿಲ್ಲೆಯ ಕಲಘಟಗಿ ತಾಲೂಕಿಗೆ ಬಂದರೆ ದೇವಿಕೊಪ್ಪದ ಸುತ್ತ ಸಾಗವಾನಿ, ಮತ್ತಿ, ಬಿದಿರಿನ ಕಾಡು. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚು ಇದು. ಇಂಥ ಊರಿನ ಹುಡುಗ ‘ಫಾರೆಸ್ಟಿನಾಗ ನೌಕರಿ ಸೇರ್ತೀನಿ’ ಎಂದರೆ ಮನೆಯವರಿಗೆ ಸರಕಾರಿ ಪಗಾರದ ಸಂತೋಷ ಒಂದು ಕಡೆ. ನಾಳೆ ಕಟ್ಟಿಗೆಗೆ ಹೋದ ನೆರೆಮನೆಯ ಅಜ್ಜಿಯನ್ನು ತಡೆದು ನಿಲ್ಲಿಸಬೇಕಾದವನು ಇವನೇ ಎಂಬ ಸಂಕೋಚ ಇನ್ನೊಂದು ಕಡೆ.

ನೌಕರಿಯ ದಾರಿ ಹೇಳುವುದು ಸುಲಭ. ಪಿಯುಸಿ ಮುಗಿಸಿದವರು ಗಸ್ತು ಅರಣ್ಯ ಪಾಲಕರ ಹುದ್ದೆಗೆ ಅರ್ಜಿ ಹಾಕಬಹುದು. ಜನ ಇಂದಿಗೂ ‘ಗಾರ್ಡ’ ಎನ್ನುವುದು ಇವರನ್ನೇ. ಅರಣ್ಯಶಾಸ್ತ್ರದ ಪದವಿ ಬೇಕೆಂದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಶಿರಸಿಯಲ್ಲಿದೆ. ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ ಪರೀಕ್ಷೆ, ಆಮೇಲೆ ಡೆಹ್ರಾಡೂನಿನಲ್ಲಿ ತರಬೇತಿ. ಡೆಹ್ರಾಡೂನು ದೂರವಾಯಿತು; ರಾಜ್ಯದ ಅರಣ್ಯ ಅಕಾಡೆಮಿ ಧಾರವಾಡದ ಮಗ್ಗುಲಿನ ಗುಂಗರಗಟ್ಟಿಯಲ್ಲೇ ಇದೆ. ಇದು ನಮ್ಮ ಜಿಲ್ಲೆಯ ಎಷ್ಟು ಹುಡುಗರಿಗೆ ಗೊತ್ತೋ!

ಸೇರಿದ ಮೇಲೆ ಕೆಲಸ ಬಹುಪಾಲು ಕಾಲ್ನಡಿಗೆಯದು. ಗಡಿಕಲ್ಲು ಇದ್ದಲ್ಲೇ ಇದೆಯೇ, ಉರುಳು ಯಾರಾದರೂ ಹಾಕಿದ್ದಾರೆಯೇ, ಹೆಜ್ಜೆ ಯಾವ ಪ್ರಾಣಿಯದು ಎಂದು ನೋಡುತ್ತ ತಿರುಗಬೇಕು. ಎಲೆ ಉದುರಿದ ಕಾಡು ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಗೆ ಹತ್ತಿಕೊಳ್ಳುತ್ತದೆ. ಅದಕ್ಕೇ ಮುಂಚೆ ಬೆಂಕಿರೇಖೆ ತೆಗೆಯಬೇಕು. ಜತೆಗೆ ಕಾನೂನು ಬೇರೆ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುವ ಅಧಿಕಾರ ಕೊಟ್ಟರೆ, 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನೇ ನಂಬಿ ಬದುಕುವವರ ಹಕ್ಕನ್ನು ಹೇಳುತ್ತದೆ. ಎರಡನ್ನೂ ಓದಿದ ಗಾರ್ಡನೇ ಒಳ್ಳೆಯ ಗಾರ್ಡ.

ಕಾಡನ್ನು ಕಾಯುವುದು ಯಾರಿಂದ ಎಂಬ ಪ್ರಶ್ನೆಯೂ ಇದೆ. 1984ರಲ್ಲಿ ಸರಕಾರ ಹರಿಹರ ಪಾಲಿಫೈಬರ್ಸ್ ಕಂಪನಿಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಕಟ್ಟಿತು. ಸುಮಾರು 30,000 ಹೆಕ್ಟೇರ್ ಸರಕಾರಿ ನೆಲದಲ್ಲಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ ಅದು. ಊರಿನ ದನ ಮೇಯುತ್ತಿದ್ದ, ಒಲೆಗೆ ಕಟ್ಟಿಗೆ ಕೊಡುತ್ತಿದ್ದ ನೆಲವೂ ಅದರಲ್ಲಿತ್ತು. ಧಾರವಾಡ ಭಾಗದ ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೊ ಹಚ್ಚಿಕೊ’ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಸಂಸ್ಥೆಯನ್ನೇ ಮುಚ್ಚಬೇಕಾಯಿತು. ಅಂದು ನೆಲ ಉಳಿಸಿಕೊಂಡವರು ಖಾಕಿ ತೊಟ್ಟವರಲ್ಲ, ಅದೇ ಕಟ್ಟಿಗೆ ಹೊರುವ ಜನ.

ಖಾಕಿ ತೊಟ್ಟವರಲ್ಲೂ ಇದನ್ನು ಅರಿತವರಿದ್ದರು. ಐಎಫ್‌ಎಸ್ ಅಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿ ಬರೀ ಬಂದೂಕು ನಂಬಲಿಲ್ಲ. ಊರವರಿಗೆ ಗುಡಿ ಕಟ್ಟಿಸಿದರು, ಔಷಧೋಪಚಾರದ ವ್ಯವಸ್ಥೆ ಮಾಡಿದರು. ಶರಣಾಗುವ ಮಾತು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಗೋಪಿನಾಥಂನ ಜನ ಇವತ್ತಿಗೂ ಅವರನ್ನು ನೆನೆಯುತ್ತಾರೆ.

ನಮ್ಮ ಕಡೆಯ ಅಪಾಯದ ಬಗೆ ಬೇರೆ. ಮಳೆ ನಿಂತು ಭತ್ತದ ತೆನೆ ಬಾಗುವ ಹೊತ್ತಿಗೆ ದಾಂಡೇಲಿ ಕಾಡಿನ ಆನೆಗಳು ಹಳಿಯಾಳ, ಮುಂಡಗೋಡಗಳಲ್ಲಿ ಹಾದು ಕಲಘಟಗಿ ತಾಲೂಕಿಗೂ ಬರುವುದುಂಟು. ದಾಂಡೇಲಿ 1956ರಲ್ಲಿ ಅಭಯಾರಣ್ಯವಾಯಿತು, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಆನೆಗೆ ಈ ಗಡಿಯ ಪರಿವೆ ಇಲ್ಲ. ವರ್ಷದ ಅನ್ನ ಒಂದು ರಾತ್ರಿಯಲ್ಲಿ ಮಣ್ಣುಪಾಲಾದರೆ ರೈತನಿಗೆ ಸಿಟ್ಟು ಬಾರದೆ ಇದ್ದೀತೆ? ಆ ಸಿಟ್ಟಿನಲ್ಲಿ ಬೇಲಿಗೆ ನೇರ ಕರೆಂಟು ಕೊಟ್ಟರೆ ಆನೆಯೂ ಸತ್ತೀತು, ಕತ್ತಲಲ್ಲಿ ನೀರು ಹಾಯಿಸಲು ಹೋದ ಮನೆಯ ಮಗನೂ ಸತ್ತಾನು. ಮೇಲೆ ಜೈಲು.

ರಾತ್ರಿಯೆಲ್ಲ ಪಟಾಕಿ ಹಿಡಿದು ಊರವರೊಂದಿಗೆ ಆನೆ ಓಡಿಸಿದ ಗಾರ್ಡ, ಬೆಳಗಾದ ಮೇಲೆ ನಿದ್ದೆಗಣ್ಣಲ್ಲೇ ಹೊಲಕ್ಕಿಳಿದು ಹಾಳಾದ ಬೆಳೆ ಅಳೆಯಬೇಕು, ಪಂಚನಾಮೆ ಬರೆಯಬೇಕು, ಪರಿಹಾರದ ಕಾಗದ ಮೇಲಕ್ಕೆ ಕಳಿಸಬೇಕು. ಆ ಕಾಗದ ಎಲ್ಲೋ ಕೂತುಬಿಟ್ಟರೆ, ಮುಂದಿನ ಸಲ ಆನೆ ಬಂದಾಗ ಜನ ಅವನನ್ನು ಕರೆಯುವುದಿಲ್ಲ.