ಯಲಹಂಕಕ್ಕೆ ಬಂದ ಎರಡು ವಿಮಾನಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಏರ್ ಶೋ ಬಂದರೆ ನಮ್ಮ ತರಗತಿಯಲ್ಲಿ ಪಾಠ ನಿಲ್ಲುತ್ತಿತ್ತು. ಸದ್ದು ಅಡಗುವವರೆಗೆ ಸಮಾಜ ಮೇಷ್ಟ್ರು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಆಮೇಲೆ "ಎಲ್ಲಿಗೆ ಬಂದಿದ್ವಿ? ಹಾಂ, ಶೀತಲ ಸಮರ" ಎಂದು ಮುಂದುವರಿಸುತ್ತಿದ್ದರು. ಆ ಪಾಠ ನನಗೆ ಸರಿಯಾಗಿ ಅರ್ಥವಾಗಿದ್ದು 2025ರಲ್ಲಿ.

2025ರ ಫೆಬ್ರವರಿ 10ರಿಂದ 14ರವರೆಗೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯಿತು. ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ಎದುರಾದರೆ ಒಂದನ್ನೊಂದು ಹೊಡೆದುರುಳಿಸಬೇಕಾದ ವಿಮಾನಗಳು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯ ಹೋರಿಗಳ ಹಾಗೆ ಬಿಸಿಲಲ್ಲಿ ನಿಂತಿದ್ದವು. ಅದೇ 12ರಂದು ಟ್ರಂಪ್ ಪುಟಿನ್ ಜೊತೆ ಫೋನಿನಲ್ಲಿ ಮಾತಾಡಿ ಉಕ್ರೇನ್ ಸಂಧಾನಕ್ಕೆ ಕೈಹಾಕಿದರು. ಗೆದ್ದರೆ 24 ಗಂಟೆಯಲ್ಲಿ ಯುದ್ಧ ನಿಲ್ಲಿಸುತ್ತೇನೆಂದು ಪ್ರಚಾರದಲ್ಲಿ ಹೇಳಿದ್ದರಲ್ಲ, ಅದರ ಬಾಕಿ! ಮರುದಿನ ವಾಷಿಂಗ್ಟನ್‌ನಲ್ಲಿ ನಮ್ಮ ಪ್ರಧಾನಿಯ ಎದುರು ಭಾರತಕ್ಕೆ ಎಫ್-35 ಕೊಡುವ ಮಾತನ್ನೂ ಆಡಿದರು.

ಇದೇನೂ ಹೊಸತಲ್ಲ. 1960ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಬೇಹು ವಿಮಾನವೊಂದನ್ನು ಉರುಳಿಸಿ ಇಬ್ಬರು ವಾಯುಸೈನಿಕರನ್ನು ಸೆರೆಹಿಡಿಯಿತು. ಅವರನ್ನು ಬಿಟ್ಟಿದ್ದು 1961ರ ಜನವರಿಯಲ್ಲಿ, ಕೆನಡಿ ಅಧಿಕಾರ ಹಿಡಿದ ಮೇಲೆ. ಮೊದಲೇ ಬಿಟ್ಟಿದ್ದರೆ ನಿಕ್ಸನ್‌ಗೆ ಓಟು ಬೀಳುತ್ತಿತ್ತೆಂದು ಕ್ರುಶ್ಚೇವ್ ತಾವೇ ಆಮೇಲೆ ಹೇಳಿಕೊಂಡರು. 2012ರಲ್ಲಿ ಸಿಯೋಲ್‌ನಲ್ಲಿ ಒಬಾಮಾ, ಮೈಕ್ ಆನ್ ಇರುವುದು ತಿಳಿಯದೆ, ಚುನಾವಣೆ ಮುಗಿದರೆ ಕ್ಷಿಪಣಿ ವಿಷಯದಲ್ಲಿ ಕೈ ಸಡಿಲವಾಗುತ್ತದೆಂದು ರಷ್ಯಾದ ಅಧ್ಯಕ್ಷ ಮೆಡ್ವೆಡೆವ್‌ಗೆ ಪಿಸುಗುಟ್ಟಿದರು. "ಎಲೆಕ್ಷನ್ ಕಳೀಲಿ, ರಸ್ತೆ ನೋಡೋಣ" ಅಂತಾರಲ್ಲ ನಮ್ಮ ಪಂಚಾಯ್ತಿಯವರು, ಹಾಗೇ. ಸದಸ್ಯರು ಇಲ್ಲೇ ಕೂತಿದ್ದಾರೆ, ಕ್ಷಮಿಸಬೇಕು.

ಆದರೆ ಯುದ್ಧ ನಿಲ್ಲಲಿಲ್ಲ. ರಷ್ಯಾದ ತೈಲ ಕೊಳ್ಳುತ್ತೇವೆಂದು ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ ಶೇ. 25 ಸುಂಕ ಹೇರಿತು. 2025ರ ಆಗಸ್ಟ್ 27ರಿಂದ ಅದು ಒಟ್ಟು ಶೇ. 50 ಆಗಿತ್ತು. ನಾನು ಬರೆಯುವ ಸಾಫ್ಟ್‌ವೇರ್‌ಗೆ ಅದು ತಾಗಲಿಲ್ಲ, ಬಟ್ಟೆಗೆ ತಾಗಿತು. ನಮ್ಮಮ್ಮ ಯಶವಂತಪುರದಾಚೆ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು ನನ್ನ ಬಿ.ಇ. ಫೀಸು ಕಟ್ಟಿದವರು. ಆ ಅಂಗಿಗಳು ಅಮೆರಿಕಕ್ಕೆ ಹೋಗುತ್ತಿದ್ದವು. ಜೊತೆಗೆ ಹೊಲಿಯುತ್ತಿದ್ದ ಪಕ್ಕದ ಮನೆಯ ಅಕ್ಕ ಈಗಲೂ ಕೆಲಸಕ್ಕೆ ಹೋಗುತ್ತಾರೆ. ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಸೆಪ್ಟೆಂಬರ್‌ನಲ್ಲಿ ಅಕ್ಕನ ಓವರ್‌ಟೈಮ್ ನಿಂತಿತು. "ಟ್ರಂಪಂತೆ, ಪುಟಿನ್ನಂತೆ. ಅವರಿಬ್ಬರ ಮಧ್ಯೆ ನನ್ನ ಓಟಿ ಯಾಕಪ್ಪ ಹೋಯ್ತು?" ಎಂದು ಕೇಳಿದರು.

ಮೇಷ್ಟ್ರೇ, ಉತ್ತರ ಹೇಳಲು ಅರ್ಧ ಗಂಟೆ ಹಿಡಿಯಿತು. ಶೀತಲ ಸಮರದಿಂದಲೇ ಶುರು ಮಾಡಿದೆ. ಮಗಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.