ಹೇಳಿದ ದಿನಕ್ಕೆ ಕೆಲಸ ಮುಗಿಯಬೇಕಾದರೆ

(ಮಾದಿಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕ ಸಂಚಿಕೆಗೆ ಲೇಖನ ಕೊಡಲು ಒಪ್ಪಿದ್ದೆ. ಇನ್ನೂ ಚೆನ್ನಾಗಿರಲಿ ಎಂದು ತಿದ್ದುತ್ತಾ ಕುಳಿತೆ. ಕೇಳಿದಾಗಲೆಲ್ಲ "ನಾಳೆ ಕೊಡುತ್ತೇನೆ" ಎಂದೆ. ನನ್ನಿಂದಾಗಿ ಅಚ್ಚಿನ ಕೆಲಸ ಮೂರು ವಾರ ನಿಂತಿತು. ಅದೇ ಸಂಚಿಕೆಯಲ್ಲಿ ಒಂದು ವಿದ್ಯಾರ್ಥಿವೇತನದ ವಿವರವಿತ್ತು. ಪುಸ್ತಕ ಕೈಸೇರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿತ್ತು. ನನ್ನ ತರಗತಿಯ ಒಬ್ಬ ಹುಡುಗಿ ಸಂಚಿಕೆ ಹಿಡಿದು ಬಂದು, "ಸರ್, ಇದಕ್ಕೆ ಈಗ ಅರ್ಜಿ ಹಾಕಬಹುದಾ?" ಎಂದು ಕೇಳಿದಳು. ಉತ್ತರ ಕೊಡಲು ನಾಚಿಕೆಯಾಯಿತು.

ಈ ರೋಗ ಕಂಪ್ಯೂಟರ್ ಲೋಕಕ್ಕೂ ತಗಲಿತ್ತು. ಅಲ್ಲಿಯವರು ಅದಕ್ಕೆ ಮದ್ದನ್ನೂ ಕಂಡುಕೊಂಡರು. ಅದನ್ನು ಹೇಳುವುದೇ ನನ್ನ ಉದ್ದೇಶ.

ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಒಳಗಿನ ಬರಹವನ್ನು ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ಇದನ್ನು ತಯಾರಿಸುವವರಲ್ಲಿ ಸಂಬಳದವರೂ ಇದ್ದಾರೆ, ಸ್ವಯಂಸೇವಕರೂ ಇದ್ದಾರೆ. ಸ್ವಯಂಸೇವಕರಿಗೆ ಮೆಮೊ ಕೊಡುವಂತಿಲ್ಲ, ಸಂಬಳ ಹಿಡಿಯುವಂತಿಲ್ಲ. ಹಾಗಾದರೆ ಕೆಲಸ ಹೊತ್ತಿಗೆ ಮುಗಿಯುವುದು ಹೇಗೆ?

1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯನ್ನೇ ನೋಡಿ. ಅದರ 3.0 ಆವೃತ್ತಿ 2002ರ ಜುಲೈನಲ್ಲಿ ಬಂತು. ಮುಂದಿನ 3.1 ಬಂದದ್ದು 2005ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಮೂರು ವರ್ಷ! ಹೊಸದಾಗಿ ಬರೆಯುತ್ತಿದ್ದ ಅನುಸ್ಥಾಪನಾ ತಂತ್ರಾಂಶ ಸಿದ್ಧವಾಗದಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಒಂದು ಭಾಗಕ್ಕಾಗಿ ಸಾವಿರಾರು ಭಾಗಗಳು ಕಾದವು. ಕಾಯುವಾಗ ಸಿದ್ಧವಾಗಿದ್ದವೂ ಹಳತಾದವು.

ಇದಕ್ಕೆ ಮೊದಲನೆಯ ಮದ್ದು, ದಿನಾಂಕವನ್ನು ಮೊದಲೇ ಗೊತ್ತುಮಾಡುವುದು. ಗ್ನೋಮ್ ಯೋಜನೆಯವರು ಆರು ತಿಂಗಳಿಗೊಮ್ಮೆ ಬಿಡುಗಡೆ ಎಂದು ನಿಯಮ ಮಾಡಿಕೊಂಡರು. ಡೆಬಿಯನ್ ಆಧರಿಸಿ 2004ರ ಅಕ್ಟೋಬರ್‌ನಲ್ಲಿ ಆರಂಭವಾದ ಉಬುಂಟು ಕೂಡ ಅದೇ ದಾರಿ ಹಿಡಿಯಿತು. ಇದು ನಮ್ಮ ಬೇಲೂರು ಬಸ್ಸಿನ ಹಾಗೆ. ಒಬ್ಬರು ಬರಲಿಲ್ಲವೆಂದು ಬಸ್ಸು ನಿಲ್ಲುವುದಿಲ್ಲ. ತಪ್ಪಿಸಿಕೊಂಡವರಿಗೆ ಮುಂದಿನ ಬಸ್ಸು ಇದ್ದೇ ಇದೆ. ಮುಂದಿನ ಬಸ್ಸು ಖಂಡಿತ ಬರುತ್ತದೆ ಎಂಬ ನಂಬಿಕೆ ಇದ್ದರೆ ಯಾರೂ ಈ ಬಸ್ಸನ್ನು ಅಡ್ಡಗಟ್ಟುವುದಿಲ್ಲ.

ಎರಡನೆಯದು, ಕೊನೆಯ ಕೆಲವು ವಾರ ಹೊಸದೇನನ್ನೂ ಸೇರಿಸದೆ ದೋಷಗಳನ್ನು ಮಾತ್ರ ತಿದ್ದುವುದು. ಪರೀಕ್ಷೆಯ ಹಿಂದಿನ ದಿನ ಹೊಸ ಪಾಠ ಮಾಡುವ ಮೇಷ್ಟ್ರು ಉಂಟೇ? ಗ್ನೋಮ್‌ನಲ್ಲಿ ಒಂದು ಹಂತದ ನಂತರ ತೆರೆಯ ಮೇಲಿನ ಪದಗಳನ್ನೂ ಮನಬಂದಂತೆ ಬದಲಿಸುವಂತಿಲ್ಲ. ಏಕೆಂದರೆ ಅವುಗಳನ್ನು ಕನ್ನಡ, ಉರ್ದು ಮೊದಲಾದ ಭಾಷೆಗಳಿಗೆ ಅನುವಾದಿಸುವವರಿಗೆ ಕಾಲಾವಕಾಶ ಬೇಕು. ಇಂಗ್ಲಿಷ್ ಪದ ಕೊನೆ ಗಳಿಗೆಯಲ್ಲಿ ಬದಲಾದರೆ ನಮ್ಮ ಮಕ್ಕಳು ನೋಡುವ ಪರದೆಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಉಳಿಯುತ್ತದೆ.

ಮೂರನೆಯದು, ಯಾವ ದೋಷಕ್ಕೆ ಬಿಡುಗಡೆಯನ್ನು ನಿಲ್ಲಿಸಬೇಕು, ಯಾವುದಕ್ಕೆ ಬೇಡ ಎಂದು ಮೊದಲೇ ತೀರ್ಮಾನಿಸುವುದು. ಡೆಬಿಯನ್‌ನಲ್ಲಿ ಅಂತಹ ಗಂಭೀರ ದೋಷಗಳಿಗೆ ಬೇರೆ ಪಟ್ಟಿಯೇ ಇದೆ. ಆ ದೋಷ ತಿದ್ದದಿದ್ದರೆ, ಅನಿವಾರ್ಯವಲ್ಲದ ಭಾಗವನ್ನು ಆ ಬಾರಿಗೆ ಕೈಬಿಡುತ್ತಾರೆ. 2005ರ ನಂತರ ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತಿದೆ.

ಹಾಗೆಂದು ತಡ ಯಾವಾಗಲೂ ತಪ್ಪಲ್ಲ. 2006ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಉಬುಂಟುವನ್ನು ಇನ್ನಷ್ಟು ಗಟ್ಟಿಮಾಡಲು ಆರು ವಾರ ಮುಂದೂಡಿ ಜೂನ್‌ನಲ್ಲಿ ಕೊಟ್ಟರು. ಆದರೆ ಅದನ್ನು ಮುಂಚಿತವಾಗಿ, ಕಾರಣ ಸಹಿತ ಎಲ್ಲರಿಗೂ ತಿಳಿಸಿದರು. ಹೇಳಿ ತಡಮಾಡುವುದಕ್ಕೂ "ನಾಳೆ, ನಾಳೆ" ಎನ್ನುವುದಕ್ಕೂ ಬಹಳ ಅಂತರವಿದೆ.

ವಿದ್ಯಾರ್ಥಿಗಳೇ, ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬಲ್ಲ ನೀವು ಇಂತಹ ಅನುವಾದದ ಕೆಲಸಕ್ಕೆ ಕೈಹಾಕಬಹುದು. ಹಾಕಿದಾಗ ಹೊರುವಷ್ಟನ್ನೇ ಒಪ್ಪಿಕೊಳ್ಳಿ. ಆಗದಿದ್ದರೆ ಬೇಗ ಹೇಳಿ, ಇನ್ನೊಬ್ಬರು ಮುಂದುವರಿಸುತ್ತಾರೆ. ಆಗದು ಎನ್ನುವುದು ಅವಮಾನವಲ್ಲ. ಸುಮ್ಮನಿದ್ದು ಹತ್ತು ಜನರನ್ನು ಕಾಯಿಸುವುದು ಅನ್ಯಾಯ.

ಸಂಪಾದಕರಲ್ಲೂ ಒಂದು ಕೋರಿಕೆ. ಸಂಚಿಕೆಯ ದಿನಾಂಕವನ್ನು ಇಂದೇ ಪ್ರಕಟಿಸಿ. ಆ ದಿನಕ್ಕೆ ನನ್ನ ಲೇಖನ ಬಾರದಿದ್ದರೆ ದಯವಿಟ್ಟು ಬಿಟ್ಟುಬಿಡಿ. ಅದು ಮುಂದಿನ ವರ್ಷಕ್ಕಾಗಬಹುದು. ವಿದ್ಯಾರ್ಥಿವೇತನದ ಕೊನೆಯ ದಿನ ಮಾತ್ರ ನಮಗಾಗಿ ಕಾಯುವುದಿಲ್ಲ.